ಇನ್ನೊಂದು ಸುತ್ತಿಗೆ ಮುನ್ನ

ಲೋಕಾಪುರದಲ್ಲಿ ಹೀಗೊಂದು ಮನೆ ಇದೆ ಎಂದುಕೊಳ್ಳೋಣ. ಮಗ ಪಿಯುಸಿ ಓದುತ್ತಿದ್ದಾನೆ. ಎರಡು ಹಬ್ಬಗಳಿಗೆ ಹೊಸ ಬಟ್ಟೆ ಬೇಡವೆಂದು ಹೇಳಿ ಉಳಿಸಿದ ದುಡ್ಡಿಗೆ ಅಪ್ಪ ಕಬ್ಬಿನ ಬಿಲ್ಲಿನಿಂದ ಒಂದಿಷ್ಟು ಸೇರಿಸಿ, ಯಾರೋ ಬಳಸಿ ಮಾರಿದ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ್ದಾನೆ. ಕಾಲೇಜಿನ ಗ್ಯಾದರಿಂಗಿಗೆ ಇನ್ನು ಹದಿನೈದೇ ದಿನ. ಈಗ ನೋಡಿದರೆ ಗಿಟಾರಿನ ನಡುಭಾಗದಲ್ಲಿ ತಂತಿಗಳು ಮೇಲೆದ್ದು ನಿಂತಿವೆ. ಒತ್ತಿದರೆ ಬೆರಳು ನೋಯುತ್ತದೆ, ಸ್ವರವೂ ತಪ್ಪುತ್ತದೆ. ಕುತ್ತಿಗೆಯ ತುದಿಯಲ್ಲಿ ಒಂದು ನಟ್ ಇದೆ, ಅದನ್ನು ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಗೆಳೆಯನೊಬ್ಬ ಹೇಳಿದ್ದಾನೆ. ಹುಡುಗ ತಿರುಗಿಸಿದ್ದಾನೆ. ಏನೂ ಬದಲಾಗಿಲ್ಲ. ನಟ್ ಮಾತ್ರ ಕಲ್ಲಿನಂತೆ ಬಿಗಿಯಾಗಿದೆ.

"ಇನ್ನೊಂದ ಸುತ್ತ ತಿರುವಿದ್ರ ಸರಿ ಆಗತೈತಿ ಅಪ್ಪಾ."

"ತಡಿ ತಮ್ಮಾ. ಒಳಗ ಏನೈತಿ ಅನ್ನೂದು ತಿಳೀದ ತಿರುವಬ್ಯಾಡ."

ಟ್ರ್ಯಾಕ್ಟರಿನ ಬೋಲ್ಟು ಬಿಚ್ಚಿ ಹಾಕಿ ಪಳಗಿದ ಕೈ ಅದು. ಗಿಟಾರಿನ ಬಗ್ಗೆ ಅಪ್ಪನಿಗೆ ಏನೂ ಗೊತ್ತಿಲ್ಲದಿರಬಹುದು. ಆದರೆ ಅವನ ಮಾತು ಮಾತ್ರ ನೂರಕ್ಕೆ ನೂರು ಸರಿ. ಹಾಗಾದರೆ ಒಳಗೆ ಏನಿದೆ?

ಗಿಟಾರಿನ ಕುತ್ತಿಗೆಯ ಒಳಗೆ, ಫಿಂಗರ್‌ಬೋರ್ಡಿನ ಕೆಳಗೆ, ಉದ್ದಕ್ಕೂ ಒಂದು ಉಕ್ಕಿನ ಸರಳು ಇರುತ್ತದೆ. ಅದರ ಹೆಸರು ಟ್ರಸ್ ರಾಡ್. ಗೋದಾಮಿನ ತಗಡಿನ ಮಾಡನ್ನು ಹೊತ್ತು ನಿಲ್ಲುವ ಕಬ್ಬಿಣದ ಚೌಕಟ್ಟಿಗೂ ಟ್ರಸ್ ಎಂದೇ ಹೆಸರು. ಎರಡರ ಕೆಲಸವೂ ಭಾರಕ್ಕೆ ಬಾಗದಂತೆ ತಡೆಯುವುದೇ. ಇಲ್ಲಿ ಭಾರವೆಂದರೆ ತಂತಿಗಳ ಎಳೆತ. ಎಲೆಕ್ಟ್ರಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ ಹತ್ತರ ಅಳತೆಯ ಸೆಟ್ಟಿನಲ್ಲಿ, ಅಂದರೆ ಅತಿ ತೆಳುವಾದ ತಂತಿ ಇಂಚಿನ ಸಾವಿರದ ಹತ್ತು ಭಾಗ ದಪ್ಪವಿರುವ ಸೆಟ್ಟಿನಲ್ಲಿ, ಶ್ರುತಿ ಮಾಡಿದ ಆರೂ ತಂತಿಗಳು ಸೇರಿ ಸುಮಾರು 46 ಕಿಲೋ ಎಳೆಯುತ್ತವೆ. ಒಂದು ಸಿಮೆಂಟ್ ಚೀಲದ ತೂಕ 50 ಕಿಲೋ. ಹೆಚ್ಚುಕಡಿಮೆ ಅಂಥದೊಂದು ಚೀಲ ಹಗಲು ರಾತ್ರಿ ಜಗ್ಗುತ್ತಿದ್ದರೆ ಎರಡು ಬೆರಳು ದಪ್ಪದ ಮರ ಬಿಲ್ಲಿನಂತೆ ಬಾಗದೆ ಇದ್ದೀತೇ?

ಈ ತೊಂದರೆಗೆ ಉಪಾಯ ಹುಡುಕಿದವರಲ್ಲಿ ಮುಖ್ಯನಾದವನು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಂಪನಿಯ ಕೆಲಸಗಾರ ಥಾಡಿಯಸ್ ಮೆಕ್‌ಹ್ಯೂ. ಬಿಗಿ ಮಾಡಲು, ಸಡಿಲಿಸಲು ಬರುವ ಸರಳಿಗೆ ಅವನು 1921ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. 1923ರಲ್ಲಿ ಅದು ಮಂಜೂರಾಯಿತು. ಎಲ್ಲರೂ ಕೂಡಲೇ ಒಪ್ಪಲಿಲ್ಲ. 1950ರಲ್ಲಿ ಫೆಂಡರ್ ಕಂಪನಿ ತಂದ ಮೊದಲ ಎಸ್ಕ್ವೈರ್ ಗಿಟಾರುಗಳಲ್ಲಿ ಸರಳು ಇರಲಿಲ್ಲ. ಮೇಪಲ್ ಮರವೇ ಸಾಕಷ್ಟು ಗಟ್ಟಿ ಎಂಬ ನಂಬಿಕೆ. ಆ ನಂಬಿಕೆ ಬಹುಕಾಲ ಉಳಿಯದೆ ಅವರೂ ಸರಳು ಹಾಕಬೇಕಾಯಿತು.

ನಮ್ಮ ಕಡೆಯ ವಾದ್ಯಗಳಲ್ಲಿ ಈ ಸರಳು ಏಕಿಲ್ಲ? ತಂಬೂರಿಗೆ ಮೆಟ್ಟಿಲುಗಳೇ ಇಲ್ಲ; ಬೆರಳು ಒತ್ತಿ ನುಡಿಸುವುದೂ ಇಲ್ಲ. ದಂಡಿ ಕೂದಲೆಳೆಯಷ್ಟು ಬಾಗಿದರೂ ತಕ್ಷಣ ತೊಂದರೆಯಾಗದು. ಸಿತಾರಿನ ಮೆಟ್ಟಿಲುಗಳನ್ನು ದಂಡಿಗೆ ದಾರದಿಂದ ಕಟ್ಟಿರುತ್ತಾರೆ, ಬೇಕಾದಂತೆ ಸರಿಸಬಹುದು. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಕಾಲಕ್ರಮದಲ್ಲಿ ದಂಡಿ ಬಾಗಿದರೆ, ಮೇಣ ಕುಗ್ಗಿದರೆ, ಬಲ್ಲವರು ಹೊಸದಾಗಿ ಮೇಳ ಕಟ್ಟಿ ಎತ್ತರ ಸರಿಮಾಡುತ್ತಾರೆ. ಗಿಟಾರಿನ ಫ್ರೆಟ್ಟುಗಳು ಹಾಗಲ್ಲ. ಅವನ್ನು ಮರದೊಳಗೆ ಬಡಿದು ಕೂರಿಸಿರುತ್ತಾರೆ. ಮೆಟ್ಟಿಲು ಸರಿಯುವುದಿಲ್ಲವಾದ್ದರಿಂದ ದಂಡಿಯನ್ನೇ ಸರಿಪಡಿಸಬೇಕು. ಅದಕ್ಕೇ ಈ ಸರಳು.

ಹಳೆಯ ಬಗೆಯ ಸರಳು ಮರದೊಳಗೆ ಸ್ವಲ್ಪ ಕಮಾನಾಗಿ ಕೂತಿರುತ್ತದೆ. ನಟ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದಾಗ ಸರಳು ನೆಟ್ಟಗಾಗಲು ಹೋಗಿ, ತಗ್ಗಿದ ನಡುಭಾಗವನ್ನು ತಂತಿಗಳ ಕಡೆಗೆ ಎತ್ತುತ್ತದೆ. ಸಡಿಲಿಸಿದರೆ ತಂತಿಗಳ ಎಳೆತ ಮೇಲುಗೈಯಾಗಿ ಕುತ್ತಿಗೆ ಮತ್ತೆ ಮುಂದಕ್ಕೆ ಬಾಗುತ್ತದೆ. ಈಚಿನ ಹಲವು ಗಿಟಾರುಗಳಲ್ಲಿರುವ ಜೋಡಿ ಸರಳು ಎರಡೂ ದಿಕ್ಕಿಗೆ ಒತ್ತಬಲ್ಲದು. ಯಾವ ಬಗೆಯದಾದರೂ ಅದರ ಶಕ್ತಿಗೆ ಒಂದು ಮಿತಿ ಇದ್ದೇ ಇದೆ.

ನಟ್ಟಿಗೆ ಕೈ ಹಾಕುವ ಮೊದಲು ಅಳೆಯಬೇಕು. ಗಿಟಾರನ್ನು ಶ್ರುತಿ ಮಾಡಿ, ನುಡಿಸುವಾಗ ಹಿಡಿಯುವ ಹಾಗೆಯೇ ಹಿಡಿಯಿರಿ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ, ಕುತ್ತಿಗೆ ಒಡಲನ್ನು ಸೇರುವ ಜಾಗದ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ, ಏಳನೆಯ ಫ್ರೆಟ್ಟಿನ ಬಳಿ ನೋಡಿ. ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ಸಂದು ಇರಬೇಕು; ಒಂದು ವಿಸಿಟಿಂಗ್ ಕಾರ್ಡಿನ ದಪ್ಪಕ್ಕೆ ಹತ್ತಿರ. ಕುತ್ತಿಗೆ ಪೂರ್ತಿ ನೆಟ್ಟಗಿರಬೇಕು ಎಂಬುದು ತಪ್ಪು ಕಲ್ಪನೆ. ಮಿಡಿದ ತಂತಿ ನಡುವಿನಲ್ಲಿ ಹೆಚ್ಚು ಅಗಲಕ್ಕೆ ಕಂಪಿಸುತ್ತದೆಯಾದ್ದರಿಂದ ಅಷ್ಟು ತಗ್ಗು ಬೇಕೇ ಬೇಕು. ಸಂದು ಬಹಳ ಹೆಚ್ಚಿದ್ದರೆ ಕುತ್ತಿಗೆ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದೆ ಮೊದಲ ಫ್ರೆಟ್ಟುಗಳಲ್ಲಿ ಝರ್ರೆನ್ನುತ್ತಿದ್ದರೆ ಹಿಂದಕ್ಕೆ ಬಾಗಿರಬಹುದು. ಸಂದು ಸರಿಯಿದ್ದೂ ತಂತಿ ಎತ್ತರವಾಗಿದ್ದರೆ ತಪ್ಪು ಸರಳಿನದಲ್ಲ, ಬ್ರಿಡ್ಜಿನದು, ಅಲ್ಲಿಯೇ ತಗ್ಗಿಸಬೇಕು.

ಮರ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುವುದನ್ನು ಯಾರು ಕಂಡಿಲ್ಲ? ಬಾಗಲಕೋಟೆ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಸರಿಯಿದ್ದ ಕುತ್ತಿಗೆ ಆಗಸ್ಟಿನಲ್ಲಿ ಬೇರೆಯಾಗಿರಬಹುದು. ಆದ್ದರಿಂದ ವರ್ಷಕ್ಕೆ ಒಂದೆರಡು ಸಲ ಅಳೆದು ನೋಡುವುದು ದೋಷವಲ್ಲ, ಆರೈಕೆ.

ತಿರುಗಿಸುವಾಗ ಎರಡು ಎಚ್ಚರಗಳಿರಲಿ. ಮೊದಲನೆಯದು ಕೀಲಿಕೈ. ಕೆಲವು ನಟ್ಟುಗಳು ಇಂಚಿನ ಅಳತೆಯವು, ಕೆಲವು ಮಿಲಿಮೀಟರಿನವು. ಹೆಚ್ಚುಕಡಿಮೆ ಕೂರುವ ಅಲೆನ್ ಕೀ ಹಾಕಿ ಒತ್ತಿದರೆ ನಟ್ಟಿನ ಆರು ಮೂಲೆಗಳೂ ಸವೆದು ದುಂಡಗಾಗುತ್ತವೆ. ಎರಡನೆಯದು ಅಳತೆ. ಒಮ್ಮೆಗೆ ಸುತ್ತಿನ ಎಂಟನೇ ಒಂದು ಭಾಗ, ಹೆಚ್ಚೆಂದರೆ ಕಾಲು ಸುತ್ತು. ಆಮೇಲೆ ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಪುನಃ ಅಳೆಯಬೇಕು. ಬಿಗಿ ಮಾಡುವಾಗ ತಂತಿಗಳನ್ನು ಸಡಿಲಿಸಿಕೊಂಡರೆ ಸರಳಿಗೂ ಸುಲಭ, ಕೈಗೂ ಸುಲಭ.

ಇಷ್ಟಾದರೂ ಕುತ್ತಿಗೆ ಮಾತು ಕೇಳದಿದ್ದರೆ ಸರಳು ಕೆಟ್ಟಿದೆ ಎಂದು ಸಂಶಯಪಡಬಹುದು. ದೋಷ ಯಾವುದೆಂದು ನಟ್ಟೇ ಹೇಳುತ್ತದೆ. ಎಷ್ಟು ತಿರುಗಿಸಿದರೂ ಬಿಗಿಯೇ ಆಗದೆ ಸುಮ್ಮನೆ ಸುತ್ತುತ್ತಿದ್ದರೆ ಮರೆ ಸವೆದಿದೆ ಅಥವಾ ಸರಳು ಒಳಗೇ ತುಂಡಾಗಿದೆ. ಕೀಲಿಕೈ ಮಾತ್ರ ತಿರುಗಿ ನಟ್ ನಿಂತಲ್ಲೇ ಇದ್ದರೆ ಮೂಲೆಗಳು ಸವೆದಿವೆ. ಸರಳಿಗೆ ಏನೂ ಆಗಿಲ್ಲ. ಕುತ್ತಿಗೆಯ ಒಳಗಿನಿಂದ ಗಿರಗಿರ ಸದ್ದು ಬಂದರೆ ನಟ್ ತೀರಾ ಸಡಿಲವಾಗಿರಬಹುದು. ಸ್ವಲ್ಪ ಬಿಗಿ ಮಾಡಿದರೆ ಸದ್ದು ನಿಂತೀತು. ಇನ್ನು ಬಾಗು ಹೋಗದೆ ನಟ್ ಮಾತ್ರ ಕಲ್ಲಾದರೆ, ಅದು ಮರೆಯ ಕೊನೆ ಮುಟ್ಟಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಮುಂದೆ ಹಾಕುವ ಬಲವೆಲ್ಲ ಸರಳನ್ನು ತಿರುಚುವುದಕ್ಕೇ ಖರ್ಚಾಗುತ್ತದೆ.

ಲೋಕಾಪುರದ ಹುಡುಗನ ಗಿಟಾರ್ ನಿಂತದ್ದು ಇಲ್ಲಿಯೇ. ಅವನು ಕೇಳಿದ ಆ ಇನ್ನೊಂದು ಸುತ್ತು ಸರಳನ್ನು ಮುರಿದುಬಿಡಬಹುದಿತ್ತು. ಮದ್ದು ಬಹಳ ಸಾದಾ. ತಂತಿಗಳನ್ನು ಸಡಿಲಿಸಿ, ನಟ್ಟನ್ನು ನಿಧಾನವಾಗಿ ಪೂರ್ತಿ ಬಿಚ್ಚಿ, ಮರೆಯನ್ನು ಒರೆಸಿ ಒಂದು ಹನಿ ಎಣ್ಣೆ ಮುಟ್ಟಿಸಿ, ಎಣ್ಣೆ ಮರಕ್ಕೆ ತಾಗದಂತೆ ನೋಡಿಕೊಂಡು, ಸರಿಯಾದ ಅಳತೆಯ ಒಂದೆರಡು ವಾಷರ್ ಹಾಕಿ ಮತ್ತೆ ನಟ್ ಕೂರಿಸುವುದು. ನಟ್ಟಿಗೆ ಮುಂದೆ ಸರಿಯಲು ಹೊಸ ಮರೆ ಸಿಗುತ್ತದೆ. ನಟ್ಟು ಬಿಚ್ಚಿ ಬರುವ ಬಗೆಯ ಸರಳಿಗೆ ಮಾತ್ರ ಈ ಉಪಾಯ. ಜೋಡಿ ಸರಳಿಗೆ ಇದು ಸಲ್ಲದು.

ಸರಳು ನಿಜಕ್ಕೂ ಮುರಿದಿದ್ದರೆ? ಗಿಟಾರ್ ಸತ್ತಿತೆಂದು ಅಟ್ಟಕ್ಕೆ ಎಸೆಯಬೇಕಿಲ್ಲ. ಹಿಂಬದಿ ನೋಡಿ. ಕುತ್ತಿಗೆಯನ್ನು ಒಡಲಿಗೆ ನಾಲ್ಕು ಸ್ಕ್ರೂಗಳಿಂದ ಹಿಡಿಸಿದ್ದರೆ ಬೇರೆ ಕುತ್ತಿಗೆಯನ್ನೇ ಹಾಕಬಹುದು. ತಂತಿಯ ಉದ್ದದ ಅಳತೆ ಮತ್ತು ಕೂರುವ ಗುಂಡಿಯ ಅಳತೆ ಹೊಂದಬೇಕು, ಅಷ್ಟೆ. ಅಂಟು ಹಾಕಿ ಕೂಡಿಸಿದ್ದರೆ ಫಿಂಗರ್‌ಬೋರ್ಡನ್ನು ಕಾಯಿಸಿ ಎಬ್ಬಿಸಿ ಹೊಸ ಸರಳು ಹಾಕಬೇಕಾಗುತ್ತದೆ. ಅದು ನುರಿತವರ ಕೆಲಸ. ಅಗ್ಗದ ಗಿಟಾರಾದರೆ ಖರ್ಚು ಅದರ ಬೆಲೆಯನ್ನೇ ಮೀರೀತು. ಅಲ್ಲಿಯವರೆಗೆ ಒಂಬತ್ತರ ಅಳತೆಯ ತೆಳು ತಂತಿ ಹಾಕಿದರೆ ಒಟ್ಟು ಎಳೆತ ಸುಮಾರು 38 ಕಿಲೋಗೆ ಇಳಿಯುತ್ತದೆ. ಶ್ರುತಿಯನ್ನು ಅರ್ಧ ಸ್ವರ ತಗ್ಗಿಸಿದರೆ ಇನ್ನಷ್ಟು ಕಡಿಮೆ. ಬಾಗು ಅಲ್ಪವಾಗಿದ್ದರೆ ಇಷ್ಟರಲ್ಲೇ ಗ್ಯಾದರಿಂಗ್ ಮುಗಿಸಬಹುದು.

ತಂದೆತಾಯಿಗಳಿಗೂ ಒಂದು ಮಾತು. ಮಗ ಗಿಟಾರ್ ಕೆಡಿಸಿಕೊಂಡು ಬಂದಾಗ "ಓದೂದು ಬಿಟ್ಟು ಇದ್ಯಾಕ ಬೇಕಿತ್ತು" ಎನ್ನುವುದು ಸುಲಭ. ಆದರೆ ಬಲದ ಎಳೆತ, ಮರದ ಹಿಗ್ಗು ಕುಗ್ಗು, ಕಾಲು ಮಿಲಿಮೀಟರಿನ ಅಳತೆ ಇವೆಲ್ಲ ಭೌತಶಾಸ್ತ್ರದ ಪುಸ್ತಕದಲ್ಲಿ ಇರುವ ಪಾಠಗಳೇ. ಆ ಮನೆಯ ಅಪ್ಪ ಕೀಲಿಕೈ ಕಸಿದುಕೊಳ್ಳಲಿಲ್ಲ, ಬೈಯಲೂ ಇಲ್ಲ. ತಡೆದು, ನೋಡಲು ಹೇಳಿದ. ಮಗ ಕೂತು ನೋಡಿದ. ಎರಡು ಪುಟ್ಟ ವಾಷರ್, ಕಾಲು ಸುತ್ತು, ಒಂದು ರಾತ್ರಿಯ ಬಿಡುವು. ಮಾರನೆಯ ಬೆಳಿಗ್ಗೆ ಮತ್ತೆ ಕಾಲು ಸುತ್ತು. ತಂತಿ ಬೆರಳಿಗೆ ಹತ್ತಿರ ಬಂತು. ಗ್ಯಾದರಿಂಗಿಗೆ ಇನ್ನೂ ಹದಿಮೂರು ದಿನ ಉಳಿದಿವೆ.