ಬಣ್ಣಕ್ಕೆ ಮೊದಲು ಬ್ರೇಕು

‘ಹೊರಗೆ ಥಳುಕು, ಒಳಗೆ ಹುಳುಕು’ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುವ ನಾನೇ ಆ ತಪ್ಪನ್ನು ಮಾಡಿದೆನು. ತಂದೆಯವರು 1988ರಲ್ಲಿ ಕೊಂಡ ಡೀಸೆಲ್ ಪಿಕಪ್ ಗಾಡಿ ಹಲವು ವರ್ಷ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತು. ಅದನ್ನು ಮತ್ತೆ ಓಡಿಸುವ ಆಸೆಯಿಂದ ಮೊದಲು ಬಣ್ಣ ಹೊಡೆಸಿದೆ, ಹೊಸ ಸೀಟು ಹಾಕಿಸಿದೆ. ಊರವರು ಮೆಚ್ಚಿದರು. ಮರುವಾರ ಹುಲ್ಲು ತರಲೆಂದು ಡೆಂಕಣಿಕೋಟೆಯಿಂದ ಅಂಚೆಟ್ಟಿಯ ಘಟ್ಟ ಇಳಿಯುವಾಗ ಬ್ರೇಕಿನ ಪೆಡಲು ಒಮ್ಮೆಲೇ ತಳಕ್ಕೆ ಕುಸಿಯಿತು. ಪಕ್ಕದಲ್ಲಿ ಮಗನಿದ್ದ. ಗೇರನ್ನು ಇಳಿಸಿ, ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ, ಜೀವ ಉಳಿಯಿತು. ಬಿಚ್ಚಿ ನೋಡಿದರೆ ಹಿಂದಿನ ಚಕ್ರದ ಬ್ರೇಕ್ ಸಿಲಿಂಡರಿನ ರಬ್ಬರ್ ಗಡುಸಾಗಿ ಎಣ್ಣೆಯೆಲ್ಲ ಸೋರಿತ್ತು. ತಪ್ಪು ಗಾಡಿಯದಲ್ಲ, ನನ್ನದು.

ಹಾಗಾದರೆ ಹಳೆಯ ಗಾಡಿಯನ್ನು ಗುಜರಿಗೆ ಹಾಕಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. ಸ್ವಂತ ಗಾಡಿಯಿದ್ದವನು ಟೊಮೇಟೊವನ್ನು ರಾಯಕೋಟೆಗಾಗಲಿ, ಸೊಪ್ಪನ್ನು ಹೊಸೂರಿನ ಉಳವರ ಸಂತೆಗಾಗಲಿ ತನ್ನ ಹೊತ್ತಿಗೆ ಒಯ್ಯಬಲ್ಲ. ಇಲ್ಲದವನು ದಲ್ಲಾಳಿಯ ಗಾಡಿಯನ್ನು ಕಾಯಬೇಕು, ಅವನು ಹೇಳಿದ ಬೆಲೆಗೆ ತಲೆದೂಗಬೇಕು. ಹೊಸ ಗಾಡಿಯ ಸಾಲದ ಕಂತು ಎರಡೆಕರೆಯ ರೈತನಿಗೆ ಹೊರಲಾರದ ಹೊರೆ. ಮಹೀಂದ್ರದವರು ವಿಲ್ಲಿಸ್ ಜೀಪನ್ನು ಜೋಡಿಸತೊಡಗಿದ ಕಾಲದಿಂದ ಬಂದ ಈ ಜಾತಿಯ ಗಾಡಿಗಳು ಸರಳವಾದವು. ಸ್ಪ್ಯಾನರು ಹಿಡಿಯಬಲ್ಲವನು ಕಲಿಯಬಹುದು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಆರಂಭವಾದ ಹೊಸೂರಿನಲ್ಲಿ ಲೇತ್ ಕೆಲಸಗಾರರಿಗೇನೂ ಬರವಿಲ್ಲ.

ಆದರೆ ಕೆಲಸಕ್ಕೊಂದು ಕ್ರಮವಿರಬೇಕು. ಮೊದಲು ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಕಾದಾಗ ಕುದಿದು ಬ್ರೇಕು ಕೈಕೊಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿರಿ. ಅದರೊಳಗೆ ಎಂಜಿನ್ ಎಣ್ಣೆಯನ್ನು ಎಂದಿಗೂ ಹಾಕಕೂಡದು. ರಬ್ಬರ್ ಉಬ್ಬಿ ಕೆಡುತ್ತದೆ. ಎರಡನೆಯದು ಚಾಸಿ. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಮೂಟೆ ಇಳಿಸಿದ ದಿನವೇ ತೊಟ್ಟಿಯನ್ನೂ ಅಡಿಭಾಗವನ್ನೂ ತೊಳೆದು ಒಣಗಿಸಿರಿ. ಮೂರನೆಯದು ಸ್ಟಿಯರಿಂಗ್ ಮತ್ತು ಕಮಾನುಪಟ್ಟಿ. ಇವುಗಳ ಗ್ರೀಸ್ ಒಣಗಲು ಬಿಡಬಾರದು. ಆಮೇಲೆ ಎಂಜಿನ್. ಬಣ್ಣ ಕಟ್ಟಕಡೆಗೆ.

ಕಾಗದಪತ್ರವೂ ಗಾಡಿಯ ಅಂಗವೇ. ಎಂಟು ವರ್ಷ ದಾಟಿದ ಸರಕುಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು. 2021ರಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳ ನೀತಿಯನ್ನು ಸಾರಿದಂದಿನಿಂದ ‘ಹದಿನೈದು ವರ್ಷವಾದರೆ ಕಿತ್ತುಕೊಳ್ಳುತ್ತಾರೆ’ ಎಂಬ ಗುಲ್ಲು ಹಬ್ಬಿದೆ. ಆ ನೀತಿಯಲ್ಲಿ ಖಾಸಗಿ ಗಾಡಿಗೆ ವಯಸ್ಸೊಂದೇ ದೋಷವಲ್ಲ. ಪರೀಕ್ಷೆಯಲ್ಲಿ ಸೋಲುವುದು ದೋಷ. ದೆಹಲಿಯ ಕಟ್ಟಳೆಯೇ ಬೇರೆ. ಗುಲ್ಲಿಗೆ ಹೆದರಿ ಅಗ್ಗಕ್ಕೆ ಮಾರಬೇಡಿರಿ. ಆದರೆ ಚಾಸಿ ಕೊಳೆತು, ಹೊಗೆ ನಿಲ್ಲದ ಗಾಡಿಯನ್ನು ಮೋಹದಿಂದ ಇಟ್ಟುಕೊಳ್ಳುವುದೂ ತರವಲ್ಲ. ಆ ಹೊಗೆಯನ್ನು ಕುಡಿಯುವವರು ನಮ್ಮ ಮಕ್ಕಳೇ.

ಕೊನೆಗೊಂದು ಮಾತು, ಮೇಷ್ಟರ ಮಾತೆಂದು ನಗಬೇಡಿರಿ. ಗಾಡಿಗೊಂದು ನೋಟ್‌ಬುಕ್ಕು ಇಡಿರಿ. ಯಾವ ದಿನ ಎಣ್ಣೆ ಬದಲಾಯಿತು, ಯಾವ ಭಾಗ ಹಾಕಿತು, ಎಷ್ಟು ಹಣವಾಯಿತು, ಎಲ್ಲವನ್ನೂ ಕನ್ನಡದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಗಳಿಂದಲೋ ಮಗನಿಂದಲೋ ಬರೆಯಿಸಿದರೆ ಇನ್ನೂ ಮೇಲು. ಗಡಿಯಾಚೆಯ ನಮ್ಮ ಮನೆಗಳಲ್ಲಿ ಕನ್ನಡ ಅಕ್ಷರಕ್ಕೂ ಒಂದು ಕೆಲಸ ಸಿಕ್ಕೀತು, ಗಾಡಿಯ ಬ್ರೇಕೂ ಮರೆತುಹೋಗದು. ಘಟ್ಟ ಇಳಿದ ಆ ದಿನದ ಬಳಿಕ ನಮ್ಮ ನೋಟ್‌ಬುಕ್ಕಿನ ಮೊದಲ ಸಾಲನ್ನು ಮಗನೇ ಬರೆದ: ‘ಬ್ರೇಕ್ ಎಣ್ಣೆ ನೋಡಿದೆವು.’