ಚಳಿಯ ಮುಂಜಾವು ಮತ್ತು ಹೈಬ್ರಿಡ್ ವಾಹನ



ಧನುರ್ಮಾಸದ ಚಳಿ ಆರಂಭವಾದೊಡನೆ ಉತ್ತರ ಬೆಂಗಳೂರಿನ ಸದ್ಭಕ್ತರೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಯಲಹಂಕದಲ್ಲಿ ವಾಸಿಸುವ ಇವರು ಹೊಸದಾಗಿ ಹೈಬ್ರಿಡ್ ಕಾರೊಂದನ್ನು ಕೊಂಡಿದ್ದಾರೆ. ಕೆನಡಾದ ಕ್ಯಾಲ್ಗರಿಯಲ್ಲಿರುವ ಮಗನು, “ಅಪ್ಪಾಜಿ, ಎಂಜಿನ್ನಿನ ಕೂಲಂಟನ್ನು ಬಿಸಿ ಮಾಡದೆ ಗಾಡಿ ತೆಗೆಯಬೇಡಿ, ಹೀಟರ್ ಕಳುಹಿಸುತ್ತೇನೆ” ಎಂದು ಒತ್ತಾಯಿಸುತ್ತಿದ್ದಾನೆ. ಅದು ಬರುವವರೆಗೆ ತಂದೆಯವರು ನಸುಕಿನಲ್ಲಿಯೇ ಎದ್ದು, ಮನೆಯ ಕೆಳಗಿನ ಮುಚ್ಚಿದ ಶೆಡ್ಡಿನಲ್ಲಿ ಗಾಡಿಯನ್ನು ಚಾಲೂ ಮಾಡಿಟ್ಟು, ಲಿಂಗಪೂಜೆಗೆ ಕುಳಿತುಕೊಳ್ಳುತ್ತಾರೆ. ಮೇಲಿನ ಕೋಣೆಯಲ್ಲಿ ಮೊಮ್ಮಕ್ಕಳು ಮಲಗಿರುತ್ತಾರೆ. ಇದು ಸರಿಯೆ ಎಂಬುದು ಅವರ ಪ್ರಶ್ನೆ.

ಮಗನ ಮಾತು ಅವನಿರುವ ನಾಡಿಗೆ ಸರಿಯಾದುದೇ. ಎಂಜಿನ್ನಿನ ಸುತ್ತ ಹರಿದು ಅದರ ಶಾಖವನ್ನು ಹೊತ್ತೊಯ್ಯುವ ದ್ರವವೇ ಕೂಲಂಟು. ಎಂಜಿನ್ ತಣ್ಣಗಿದ್ದಾಗ ಆಯಿಲ್ ಗಟ್ಟಿಯಾಗಿರುತ್ತದೆ, ಪೆಟ್ರೋಲ್ ಸರಿಯಾಗಿ ಆವಿಯಾಗದು, ಹೊಗೆಯನ್ನು ಶುದ್ಧಗೊಳಿಸುವ ಸಾಧನವೂ ಕಾಯುವವರೆಗೆ ಪೂರ್ಣವಾಗಿ ಕೆಲಸ ಮಾಡದು. ಆದ್ದರಿಂದಲೇ ಹೈಬ್ರಿಡ್ ವಾಹನವು ಬ್ಯಾಟರಿ ತುಂಬಿದ್ದರೂ ಬೆಳಗಿನ ಮೊದಲ ಕೆಲವು ನಿಮಿಷ ಎಂಜಿನ್ನನ್ನು ಓಡಿಸಿ ತನ್ನನ್ನು ತಾನೇ ಕಾಯಿಸಿಕೊಳ್ಳುತ್ತದೆ. ಸಮೀಪದ ಓಡಾಟದಲ್ಲಿ ಮೈಲೇಜು ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ.

ಕ್ಯಾಲ್ಗರಿಯಂತಹ ಊರುಗಳಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 20–30 ಡಿಗ್ರಿ ಕೆಳಗಿಳಿಯುವುದುಂಟು. ಅಲ್ಲಿಯ ಜನರು ಎಂಜಿನ್ನಿಗೆ ವಿದ್ಯುತ್ ಹೀಟರನ್ನು ಅಳವಡಿಸಿ, ಹೊರಡುವ ಕೆಲವು ತಾಸು ಮೊದಲು ಪ್ಲಗ್ ಹಾಕುತ್ತಾರೆ. 2004ರಿಂದ 2009ರವರೆಗೆ ಅಮೆರಿಕದಲ್ಲಿ ಮಾರಾಟವಾದ ಟೊಯೋಟಾ ಪ್ರಿಯಸ್ ಕಾರಿನಲ್ಲಿ ಥರ್ಮಸ್ ಫ್ಲಾಸ್ಕಿನಂತಹ ಪಾತ್ರೆಯೇ ಇತ್ತು. ಅದು ಸುಮಾರು 3 ಲೀಟರ್ ಬಿಸಿ ಕೂಲಂಟನ್ನು ಮೂರು ದಿನಗಳವರೆಗೂ ಬೆಚ್ಚಗಿಟ್ಟು, ಮರಳಿ ಹೊರಡುವಾಗ ಎಂಜಿನ್ನಿಗೆ ಹರಿಸುತ್ತಿತ್ತು. ನಿನ್ನೆಯ ಶಾಖವನ್ನು ಇಂದಿಗೆ ಕೂಡಿಡುವ ಜಾಣತನವದು.

ನಮ್ಮ ನಾಡಿನ ಸ್ಥಿತಿ ಬೇರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಜನವರಿಯ ಸಾಮಾನ್ಯ ಮುಂಜಾವು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೆಬ್ಬಾಳ-ಜಕ್ಕೂರುಗಳಲ್ಲಿ ಮಂಜು ಕವಿದು ನಾವು ಶಾಲು ಹೊದೆದರೂ ಎಂಜಿನ್ನಿಗೆ ಅದು ಕಠಿಣವಾದ ಚಳಿಯಲ್ಲ. ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್ ಕಾರುಗಳಿಗೂ ಇಲ್ಲಿ ಪ್ರತ್ಯೇಕ ಹೀಟರಿನ ಅಗತ್ಯವಿಲ್ಲ. ಗಾಡಿಯನ್ನು ಹೊರತೆಗೆದು, ಮೊದಲ ಒಂದೆರಡು ಮೈಲಿ ನಿಧಾನವಾಗಿ ಓಡಿಸಿದರೆ ಸಾಕು. ನಿಂತಲ್ಲಿ ಕಾಯಿಸುವುದಕ್ಕಿಂತ ಓಡುತ್ತ ಬೇಗ ಕಾಯುತ್ತದೆ. ಹಳೆಯ ಅಂಬಾಸಿಡರಿನ ಚೋಕ್ ಎಳೆದು ಕಾಯುತ್ತಿದ್ದ ಅಭ್ಯಾಸವನ್ನು ಇದಕ್ಕೆ ತರಬೇಕಾಗಿಲ್ಲ. ಕೂಲಂಟಿನ ಮಟ್ಟವನ್ನು ಆಗಾಗ ನೋಡಿಕೊಳ್ಳಿರಿ. ಕಡಿಮೆಯಾಗಿದ್ದರೆ ನಲ್ಲಿಯ ನೀರನ್ನು ಸುರಿಯದೆ, ಕಂಪನಿ ಸೂಚಿಸಿದ್ದನ್ನೇ ಹಾಕಿಸಿರಿ.

ಇನ್ನು ಮುಚ್ಚಿದ ಶೆಡ್ಡಿನ ಮಾತು. ಇದನ್ನು ಇಂದೇ ನಿಲ್ಲಿಸಬೇಕು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಮಲಗಿದವರು ಏಳದಂತೆಯೇ ಪ್ರಾಣಾಪಾಯವಾಗಬಹುದು. ಎಂಜಿನ್ ತಣ್ಣಗಿರುವಾಗ ಈ ವಿಷವು ಹೆಚ್ಚು. ಹೈಬ್ರಿಡ್ ಗಾಡಿಯಲ್ಲಿ ಇನ್ನೊಂದು ಮೋಸವುಂಟು. ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ಸದ್ದಿಲ್ಲವೆಂದು ಆಫ್ ಆಗಿದೆಯೆಂದೇ ತಿಳಿದು ನಾವು ಒಳಗೆ ಹೋದರೆ, ಬ್ಯಾಟರಿಗೆ ಬೇಕಾದಾಗ ಅದು ಮತ್ತೆ ತಾನೇ ಹೊತ್ತಿಕೊಳ್ಳುತ್ತದೆ. ಗುಂಡಿ ಒತ್ತಿ ಪೂರ್ಣವಾಗಿ ಆಫ್ ಮಾಡಿ, ಮುಂದಿನ ದೀಪಫಲಕ ಆರಿದುದನ್ನು ಕಂಡ ಮೇಲೆಯೇ ಇಳಿಯಬೇಕು.

ಗುರುವು ಶಿಷ್ಯನ ಯೋಗ್ಯತೆಯನ್ನು ನೋಡಿ ಉಪದೇಶಿಸುವನು. ವೈದ್ಯನು ನಾಡಿ ನೋಡಿ ಮದ್ದು ಕೊಡುವನು. ದೇಶಕಾಲಗಳನ್ನು ಅರಿಯದ ಆಚರಣೆಯು ಎಷ್ಟು ಶ್ರದ್ಧೆಯದಾದರೂ ಫಲ ಕೊಡದು. ಮಗನ ಕಳಕಳಿಯನ್ನು ತಂದೆಯವರು ಪ್ರೀತಿಯಿಂದ ಸ್ವೀಕರಿಸಲಿ. ಹೀಟರಿನ ಹಣವನ್ನು ಉಳಿಸಲು ಹೇಳಲಿ. ಅವರು ಲಿಂಗಪೂಜೆಗೆ ಕುಳಿತಾಗ ಮನೆಯ ಕೆಳಗೆ ಎಂಜಿನ್ ಓಡುತ್ತಿರಬಾರದು. ಪೂಜೆ ಮುಗಿಯಲಿ, ಪ್ರಸಾದವಾಗಲಿ, ಬಳಿಕ ಬಾಗಿಲು ತೆರೆದು ಗಾಡಿ ಹೊರಡಲಿ.