ದರ್ಜಿ ಕಟ್ಟಿದ ಟಾಕೀಸು

ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಟಾಕೀಸು ನೋಡಿ ಬಂದ್ಯಾ ಅಂತ ನಗಬೇಡಿ ಸ್ವಾಮಿ! ‘ಸಿಲ್‌ಸಿಲಾ’ದಲ್ಲಿ (1981) ಅಮಿತಾಬ್-ರೇಖಾ ಓಡಾಡಿದ ಕ್ಯೂಕೆನ್‌ಹಾಫ್‌ನ ಟ್ಯೂಲಿಪ್ ತೋಟವನ್ನೂ ಕಂಡೆ. ಅಲ್ಲಿಯ ಗೆಳೆಯರು ಬೇಯಿಸದ ಹೆರಿಂಗ್ ಮೀನಿಗೆ ಈರುಳ್ಳಿ ಉದುರಿಸಿ ಕೊಟ್ಟರು. ಮಂಗಳೂರಿನ ಬಂಗುಡೆ ಫ್ರೈ ನೆನೆಯುತ್ತಾ ನುಂಗಿದೆ... ಪರವಾಗಿಲ್ಲ, ಇನ್ನೊಂದನ್ನೂ ಕೇಳಿ ತಿಂದೆ!

ಆಮೇಲೆ ಅವರೇ ಟುಶಿನ್‌ಸ್ಕಿ ಥಿಯೇಟರಿಗೆ ಎಳೆದೊಯ್ದರು. ಅಬ್ರಹಾಂ ಟುಶಿನ್‌ಸ್ಕಿ ಪೋಲೆಂಡಿನ ಯಹೂದಿ ದರ್ಜಿ. ಅಮೆರಿಕಕ್ಕೆ ಹೊರಟವನು ರಾಟರ್‌ಡ್ಯಾಮಿನಲ್ಲೇ ಉಳಿದ, ಸಿನಿಮಾ ಹಿಡಿದ. 1921ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಈ ಅರಮನೆ ಎಬ್ಬಿಸಿದ. ನಾಜಿಗಳು ಬಂದು ಅವನ ಹೆಸರು ಕಿತ್ತು ‘ಟಿವೋಲಿ’ ಎಂದಿಟ್ಟರು. 1942ರಲ್ಲಿ ಆಶ್‌ವಿಟ್ಜ್‌ನಲ್ಲಿ ಅವನನ್ನೇ ಮುಗಿಸಿದರು. ಯುದ್ಧ ಮುಗಿದ ಮೇಲೆ ಅವನ ಹೆಸರು ವಾಪಸು ಬಂತು. ಇವತ್ತಿಗೂ ಅದೇ ಹೆಸರು, ಅದೇ ಕಟ್ಟಡ!

ನಮ್ಮ ಕಪಾಲಿ ನೆಲಸಮವಾದದ್ದನ್ನು ಕಂಡ ಕಣ್ಣು ನೋಡಿ, ಹೊಟ್ಟೆ ಉರಿಯಿತು. ಚಿತ್ರದ ಡಚ್ ಮಾತು ಒಂದಕ್ಷರ ತಿಳಿಯಲಿಲ್ಲ. ಗೋಡೆ, ಮೇಲ್ಛಾವಣಿ ನೋಡ್ತಾ ಕೂತೆ.